ಕಸುಬು ಆರಿಸಿಕೊಳ್ಳೂದು

ಹೋದ ತಿಂಗಳ ನನ್ನ ತಮ್ಮನ ಮನ್ಯಾಗ ದೊಡ್ಡ ವಾದ ನಡದಿತ್ತು. ಅವನ ಮಗ ಎಸ್ಸೆಸ್ಸೆಲ್ಸಿ ಪಾಸಾಗ್ಯಾನ. "ಅತ್ತಿ, ನಾ ಐಟಿಐದಾಗ ಎಲೆಕ್ಟ್ರಿಷಿಯನ್ ಕಲೀತೀನಿ" ಅಂದ. ತಮ್ಮ ಸಿಟ್ಟಿಗೆದ್ದ. ತಮ್ಮನ ಹೆಂಡತಿ ಕಣ್ಣೀರು ತಂದು, "ಅಕ್ಕಾ, ವೈರ್ ಹಿಡಕೊಂಡು ತಿರಗೂವಗ ನಾಳೆ ಹೆಣ್ಣು ಯಾರು ಕೊಡತಾರ?" ಅಂದ್ಲು.

ನನ್ನ ಬಾಯಿಂದ ಮಾತೇ ಬರಲಿಲ್ಲ. ಯಾಕಂದ್ರ ನನ್ನ ಮಗಳಿಗೆ ಒಬ್ಬ ಫಿಟರ್ ಹುಡುಗನ ಸಂಬಂಧ ಬಂದಿತ್ತು. ಒಳ್ಳೆ ಮನಿತನ, ಒಳ್ಳೆ ಪಗಾರ. "ಕೈ ಯಾವಾಗಲೂ ಕರಿ ಇರ್ತಾವ" ಅಂತ ಬ್ಯಾಡ ಅಂದಾಕಿ ನಾನೇ.

ಆ ದಿನದಿಂದ ತಲಿಯಾಗ ಒಂದೇ ವಿಚಾರ. ಕೈಕೆಲಸ ಅಂದ್ರ ಕೀಳು ಅಂತ ನಮಗ ಕಲಿಸಿದವರು ಯಾರು? ನಮ್ಮ ಸೀಮಿಯ ಇತಿಹಾಸ ನೋಡಿದ್ರ ಹಂಗ ಇಲ್ಲ.

ಸುರಪುರ ಸೀಮಿಯ ಮುದನೂರು ಎಲ್ಲರಿಗೂ ಗೊತ್ತು. ದೇವರ ದಾಸಿಮಯ್ಯನವರ ಊರು. ಬಸವಣ್ಣನವರಿಗಿಂತ ಮೊದಲು ವಚನ ಹೇಳಿದವರು, ಮಗ್ಗದ ಮ್ಯಾಲೆ ಕುಂತು ಬಟ್ಟಿ ನೇಯ್ದು ಬದುಕಿದವರು. ಅದಕ್ಕೇ ಜೇಡರ ದಾಸಿಮಯ್ಯ ಅಂತಲೂ ಅಂತಾರ. ಅವರ ಹೆಂಡತಿ ದುಗ್ಗಳೆಯ ಕತಿ ನಮ್ಮವ್ವ ಹೇಳತಿದ್ಲು. ಹೆಣ್ಣು ನೋಡ್ಲಾಕ ಹೋದಾಗ ಉಸುಕು ಕಲಸಿದ ಅಕ್ಕಿ, ಒಂದಿಷ್ಟು ಕಬ್ಬು ಕೊಟ್ಟು, "ಬ್ಯಾರೆ ನೀರು, ಬ್ಯಾರೆ ಕಟಗಿ ಇಲ್ಲದ ಪಾಯಸ ಮಾಡು" ಅಂದರಂತ. ದುಗ್ಗಳೆ ಕಬ್ಬಿನ ರಸ ಹಿಂಡಿ, ಸಿಪ್ಪಿ ಒಲಿಗೆ ಹಾಕಿ, ಉಸುಕು ಬ್ಯಾರೆ ಮಾಡಿ ಪಾಯಸ ಇಳಿಸಿದಳಂತ. ಕತಿ ಖರೇನೋ ಏನೋ, ಆದ್ರ ಆ ಕತಿಯೊಳಗ ಹೆಣ್ಣಿನ ಬೆಲಿ ಕಟ್ಟಿದ್ದು ಬಂಗಾರದಿಂದಲ್ಲ, ಕೈಯಾಗಿನ ಹುನ್ನರದಿಂದ.

ಮುಂದ 12ನೇ ಶತಮಾನದಾಗ ಕಲ್ಯಾಣದ ಶರಣರು ದುಡಿಮೆಗೆ ಕಾಯಕ ಅಂತ ಹೆಸರಿಟ್ಟರು. ಮೇದಾರ ಕೇತಯ್ಯ, ಮಡಿವಾಳ ಮಾಚಿದೇವ, ಇಂಥವರ ಹೆಸರಿನ ಮುಂದೂ ಅವರವರ ಕಸುಬೇ ಅದ. ಅವರು ಅದನ್ನ ಮುಚ್ಚಿ ಇಡಲಿಲ್ಲ.

ಸುರಪುರಕ್ಕ ಬರ್ರಿ. ನಾಯಕ ಅರಸರ ಕಾಲದಾಗ ಅಲ್ಲಿ ಚಿತ್ರಗಾರರು ಬಂಗಾರದ ರೇಕು ಹಚ್ಚಿ ದೇವರ ಚಿತ್ರ ಬರೀತಿದ್ದರು. ಸುರಪುರ ಶೈಲಿ ಅಂತ ಇವತ್ತೂ ಹೆಸರದ, ಗರುಡಾದ್ರಿ ಮನಿತನ ಆ ಕೆಲಸಕ್ಕ ಹೆಸರುವಾಸಿ. ಆದ್ರ 1858ರಾಗ ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡರು, ಸಂಸ್ಥಾನ ಕೈಬಿಟ್ಟು ಹೋಯ್ತು. ಅರಸ ಹೋದ ಮ್ಯಾಲೆ ಚಿತ್ರ ಕೊಳ್ಳೂವರು ಯಾರು? ಕೈಯಾಗ ಕಲೆ ಇತ್ತು, ಗಿರಾಕಿ ಇರಲಿಲ್ಲ. ಗಿರಣಿ ಬಟ್ಟಿ ಬಂದ ಮ್ಯಾಲೆ ಊರೂರಿನ ಮಗ್ಗದ ಪಾಡೂ ಹಂಗೇ ಆಯ್ತು. ಇದನ್ನೂ ಮರೀಬಾರದು. ಹುನ್ನರ ಇದ್ರಷ್ಟೇ ಸಾಲದು, ಅದು ಬೇಕು ಅನ್ನೂವರು ಇರಬೇಕು.

ಇನ್ನೊಂದು ಮಾತು. ಹಿಂದಿನ ಕಾಲ ಭಾಳ ಛಲೋ ಇತ್ತು ಅಂತ ನಾ ಹೇಳಂಗಿಲ್ಲ. ಊರಿನ ಬಡಿಗ್ಯಾರು, ಕಂಬಾರರು ಆಯಗಾರರು. ವರ್ಷವೆಲ್ಲಾ ಕುಂಟಿ, ಕೂರಿಗಿ ಮಾಡಿ ಕೊಟ್ಟು, ರಾಶಿ ಕಾಲಕ್ಕ ಕಣದಾಗ ಆಯ ಅಂತ ಕಾಳು ತಗೋತಿದ್ದರು. ಆದ್ರ ಬಡಿಗ್ಯಾನ ಮಗ ಬಡಿಗ್ಯಾನೇ ಆಗಬೇಕು. ಬ್ಯಾರೆ ಜಾತಿ ಹುಡುಗ ಉಳಿ ಹಿಡೀತೀನಂದ್ರ ಕಲಿಸೂವರಿಲ್ಲ. ಆಗ ಹುಡುಗ ಕಸುಬು ಆರಿಸಿಕೊಳ್ಳತಿದ್ದಿಲ್ಲ. ಹುಟ್ಟಿದ ಮನಿ ನೋಡಿ ಕಸುಬೇ ಹುಡುಗನ್ನ ಹಿಡಕೋತಿತ್ತು.

ಆ ಬಾಗಿಲ ತೆರದಿದ್ದು ಸ್ವಾತಂತ್ರ್ಯ ಬಂದ ಮ್ಯಾಲೆ. 1950ರಾಗ ಕೇಂದ್ರ ಸರಕಾರ ಕುಶಲಕರ್ಮಿ ತರಬೇತಿ ಯೋಜನೆ ಶುರು ಮಾಡ್ತು. ಈಗಿನ ಐಟಿಐಗಳು ನಡಿಯೂದು ಅದೇ ಯೋಜನೆದಾಗ. 1961ರಾಗ ಅಪ್ರೆಂಟಿಸ್ ಕಾಯದೆ ಬಂತು. ಐಟಿಐ ಕಲಿತ ಹುಡುಗರು ಕಾರ್ಖಾನಿದಾಗ ಭತ್ಯೆ ತಗೊಂಡು ಕೆಲಸ ಕಲೀಬಹುದು. ಎಲೆಕ್ಟ್ರಿಷಿಯನ್, ಫಿಟರ್ ಎರಡೆರಡು ವರ್ಷ, ವೆಲ್ಡರ್ ಒಂದು ವರ್ಷ. ಯಾವ ಜಾತಿ ಅಂತ ಕೇಳಂಗಿಲ್ಲ, ಹುಡುಗೇರೂ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕ ನೇರ ಹೋಗಬಹುದು. ಡೆನ್ಮಾರ್ಕ್ ದೇಶದ ಸಹಾಯದಿಂದ 1972ರಾಗ ಬೆಂಗಳೂರಾಗ ಶುರುವಾದ ಜಿಟಿಟಿಸಿ ಈಗ ಕಲಬುರಗಿದಾಗೂ ಅದ. ಎಸ್ಸೆಸ್ಸೆಲ್ಸಿ ಆದ ಮ್ಯಾಲೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಬಹುದು.

ಗಿರಾಕಿ ಅದಾರೇನು ಅಂತ ಕೇಳ್ರಿ. ನಮ್ಮ ಜಿಲ್ಲಾದಾಗೇ ಕಡೇಚೂರಿನ ಕಡಿ ರೇಲ್ವೆ ಬೋಗಿ ಕಾರ್ಖಾನಿ ಅದ. ಬೋಗಿ ಚೌಕಟ್ಟು ಅಂದ್ರ ವೆಲ್ಡಿಂಗ್ ಕೆಲಸ. ವಾಡಿ ಕಡಿ ಸಿಮೆಂಟ್ ಕಾರ್ಖಾನಿ ಅದಾವ. ಇನ್ನ ಮನಿ ವೈರಿಂಗ್, ಮೋಟರ್, ಸೋಲಾರ್ ಇಲ್ಲದ ಊರು ಎಲ್ಲಿ ಅದ?

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡಿಯಿಂದ ವರ್ಷಾ ಎಷ್ಟು ಮಂದಿ ಗಂಟು ಕಟಗೊಂಡು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗತಾರ! ಅಲ್ಲಿ ಹೆಚ್ಚಿನವರು ಹೊರೂದು ಬುಟ್ಟಿ. ನಮ್ಮ ಮಾಳಗಿ ಮ್ಯಾಲೆ ಖೋಲಿ ಕಟ್ಟಿಸಿದಾಗ ಗೌಂಡಿಗೆ ದಿನಕ್ಕ 900 ಕೊಟ್ಟೀವಿ, ಬುಟ್ಟಿ ಹೊತ್ತ ಹೆಣ್ಮಗಳಿಗೆ 400. ಬಿಸಲು ಒಂದೇ, ಬೆವರು ಒಂದೇ. ಕರಣಿ ಹಿಡಿಲಾಕ ಕಲಿತಿದ್ದಷ್ಟೇ ಫರಕು. ವೈರಿಂಗ್ ಮಾಡ್ಲಾಕ ಬಂದ ಹುಡುಗ ದಿನಗೂಲಿ ಅಲ್ಲ, ಪಾಯಿಂಟಿಗಿಷ್ಟು ಅಂತ ತಾನೇ ರೇಟ್ ಹೇಳಿದ. ನಾವು ಚೌಕಾಶಿ ಮಾಡಿದ್ರೂ ಬಿಡಲಿಲ್ಲ. ಬಿಡೂ ಗರಜು ಅವನಿಗಿರಲಿಲ್ಲ.

ಓದಬಾರದು ಅಂತಲ್ಲ ನನ್ನ ಮಾತು. ಪುಸ್ತಕದಾಗ ಮನಸ್ಸಿದ್ದ ಹುಡುಗ ಓದಲಿ. ಆದ್ರ ಮನಸ್ಸಿಲ್ಲದ ಪಿಯುಸಿ, ಡಿಗ್ರಿ ಮಾಡಿಸಿ, ನೌಕರಿ ಇಲ್ಲದ ಕಟ್ಟಿ ಮ್ಯಾಲೆ ಕೂಡೂವಂಗ ಮಾಡೂದು ಯಾವ ಮರ್ಯಾದಿ?

ನಿನ್ನೆ ತಮ್ಮನ ಹೆಂಡತಿಗೆ ಫೋನ್ ಮಾಡಿ ಇದೆಲ್ಲಾ ಹೇಳಿದೆ. ಫಿಟರ್ ಹುಡುಗನ್ನ ಬ್ಯಾಡ ಅಂದಿದ್ದು ನನ್ನ ತಪ್ಪು ಅಂತಲೂ ಹೇಳಿದೆ. ಆಕಿ ಜರಾ ಹೊತ್ತು ಸುಮ್ಮನಿದ್ದು, "ಅರ್ಜಿ ಹಾಕೂ ಕಡೀ ದಿನ ಯಾವಾಗ, ಅಕ್ಕಾ?" ಅಂದ್ಲು. ತಮ್ಮ ಇನ್ನಾ ಹ್ಞೂಂ ಅಂದಿಲ್ಲ.

ಅವ್ವಗೋಳೇ, ಅಕ್ಕಗೋಳೇ, ಗಂಡಸರು ಎಷ್ಟರ ಮಾತಾಡಲಿ, ಹೆಣ್ಣು ಕೊಡೂವಾಗ ಕಡೀ ಮಾತು ನಮ್ಮದೇ. ನಾಳೆ ಯಾರರ ಸಂಬಂಧ ತಂದ್ರ ಯಾವ ಆಫೀಸು ಅಂತ ಕೇಳೂಕಿಂತ ಮೊದಲು, ಹುಡುಗಗ ಏನು ಕೆಲಸ ಬರತದ ಅಂತ ಕೇಳ್ರಿ.