ನಾಟಕ ಮುಗಿದ ಮೇಲೆ ಉಳಿಯುವುದು ಏನು?

ನವೆಂಬರ್ 5 ಮರಾಠಿಗರಿಗೆ ರಂಗಭೂಮಿ ದಿನ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು, ಅಲ್ಲಿಂದ ಮರಾಠಿ ನಾಟಕ ಶುರುವಾಯಿತು ಎನ್ನುತ್ತಾರೆ. ಇದರ ಹಿಂದೆ ನಮ್ಮವರಿದ್ದಾರೆ ಎಂಬುದು ಎಷ್ಟು ಜನರಿಗೆ ಗೊತ್ತು? ಅದಕ್ಕೆ ಸ್ವಲ್ಪ ಮೊದಲು ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಸಾಂಗ್ಲಿಯ ದೊರೆ, ನಮ್ಮ ಭಾಷೆಯಲ್ಲೂ ಹೀಗೊಂದು ಆಗಲಿ ಎಂದು ಭಾವೆಯವರಿಗೆ ಹೇಳಿದರು. ಹತ್ತು ವರ್ಷದಲ್ಲಿ, 1853ರಲ್ಲಿ, ಭಾವೆಯವರ ಕಂಪನಿ ಮುಂಬಯಿಗೂ ಬಂದು ಗ್ರಾಂಟ್ ರೋಡಿನ ಥಿಯೇಟರಿನಲ್ಲಿ ಆಡಿತು.

ಕರ್ಕಿ ಮೇಳದ ಈ ಸಂಗತಿ ಇವತ್ತು ನಮಗೆ ಗೊತ್ತಿದ್ದರೆ ಅದು ಮುಖ್ಯವಾಗಿ ಮರಾಠಿಯವರು ಬರೆದಿಟ್ಟದ್ದರಿಂದ. ಆಡಿದವರು ನಾವು, ಬರೆದವರು ಅವರು! ನೂರೆಂಬತ್ತು ವರ್ಷ ಕಳೆದರೂ ಮುಂಬಯಿ ಕನ್ನಡಿಗರ ಕತೆ ಹೆಚ್ಚುಕಡಿಮೆ ಹೀಗೇ ಇದೆ.

ಮಾಟುಂಗಾದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. ಜೊತೆಗೆ ಕರ್ನಾಟಕ ಸಂಘ, ಜಾತಿ ಸಂಘಗಳು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪಾಠ ಕಲಿತ ಹುಡುಗರ ರಾತ್ರಿಶಾಲೆಗಳು... ವಾರ್ಷಿಕೋತ್ಸವ ಎಂದರೆ ನಾಟಕ ಇರಲೇಬೇಕು. ಕನ್ನಡ, ತುಳು ಎರಡೂ. ಆಫೀಸು ಮುಗಿಸಿ ಡೊಂಬಿವಲಿ, ವಿರಾರ್‌ಗಳಿಂದ ಬಂದು ರಿಹರ್ಸಲ್ ಮಾಡಿ, ಕೊನೆಯ ಲೋಕಲ್ ಹಿಡಿದು ಮನೆ ಸೇರುವ ನಟರು. ತಿಂಗಳುಗಟ್ಟಲೆ ತಾಲೀಮು, ಬಹಳಷ್ಟು ಸಲ ಒಂದೇ ಪ್ರದರ್ಶನ. ಮರುದಿನ ಸೆಟ್ಟು ಬಿಚ್ಚಿದರೆ ಕತೆ ಮುಗಿಯಿತು.

ಸದಾನಂದ ಸುವರ್ಣರನ್ನೇ ತೆಗೆದುಕೊಳ್ಳಿ. 2024ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ನೆನಪಿಸಿಕೊಂಡದ್ದು 1977ರ 'ಘಟಶ್ರಾದ್ಧ'ದ ನಿರ್ಮಾಪಕರೆಂದು, 'ಗುಡ್ಡದ ಭೂತ' ಧಾರಾವಾಹಿಯ ನಿರ್ದೇಶಕರೆಂದು. ಅವೆರಡೂ ರೀಲಿನಲ್ಲಿ ಉಳಿದಿವೆ. ಆದರೆ ಅವರು ಮುಂಬಯಿಯಲ್ಲಿ ವರ್ಷಗಟ್ಟಲೆ ದುಡಿದ ರಂಗಭೂಮಿ? ನೋಡಿದವರ ನೆನಪಿನಲ್ಲಿದೆ, ಯಾರೋ ಬರೆದಿದ್ದರೆ ಆ ಬರಹದಲ್ಲಿದೆ. ಬೇರೆಲ್ಲಿ ಹುಡುಕೋಣ?

ಹವ್ಯಾಸಿ ನಾಟಕಕ್ಕೆ ವಿಮರ್ಶೆ ಏಕೆ, ಪಾಪ ಖುಷಿಗೆ ಆಡುತ್ತಾರೆ ಎನ್ನುವವರಿಗೆ ನನ್ನ ಉತ್ತರ ಇದೇ. ಕಂಪನಿ ನಾಟಕಕ್ಕೆ ಗಲ್ಲಾಪೆಟ್ಟಿಗೆಯ ಲೆಕ್ಕವಾದರೂ ಇರುತ್ತದೆ. ಹವ್ಯಾಸಿ ನಾಟಕಕ್ಕೆ ವಿಮರ್ಶೆಯೊಂದೇ ದಾಖಲೆ.

ಪತ್ರಿಕೆಗಳಲ್ಲಿ ವರದಿ ಬರುವುದಿಲ್ಲವೇ? ಬರುತ್ತದೆ. ಉದಯವಾಣಿಯ ಮುಂಬಯಿ ಆವೃತ್ತಿ, ಕರ್ನಾಟಕ ಮಲ್ಲ, ಸಂಘಗಳ ಮುಖವಾಣಿಗಳು ಇಲ್ಲದಿದ್ದರೆ ಅಷ್ಟೂ ಇರುತ್ತಿರಲಿಲ್ಲ. ಆದರೆ ನಾಟಕದ ವರದಿ ಎಂದರೆ ಸಾಮಾನ್ಯವಾಗಿ ಹೇಗಿರುತ್ತದೆ ನೋಡಿ: ದೀಪ ಬೆಳಗಿಸಿದವರ ಹೆಸರು, ಶಾಲು ಹೊದೆಸಿದವರ ಹೆಸರು, ಕೊನೆಗೆ 'ನಾಟಕ ಪ್ರೇಕ್ಷಕರ ಮನಸೂರೆಗೊಂಡಿತು'. ಹೇಗೆ ಸೂರೆಗೊಂಡಿತು? ಬೆಳಕು ಯಾರದು? ಯಾವ ದೃಶ್ಯದಲ್ಲಿ ಸಭೆ ನಿಶ್ಶಬ್ದವಾಯಿತು? ಒಂದಕ್ಕೂ ಉತ್ತರವಿಲ್ಲ. ಬ್ಯಾಂಕಿನಲ್ಲಿ ಎಲ್ಲ ಸರಿಯಿದೆ ಎಂದಷ್ಟೇ ಬರೆದ ಇನ್‌ಸ್ಪೆಕ್ಷನ್ ರಿಪೋರ್ಟನ್ನು ಯಾರೂ ನಂಬುವುದಿಲ್ಲ. ಇದೂ ಹಾಗೆಯೇ.

ಮಾಟುಂಗಾದಿಂದ ಒಂದೇ ಸ್ಟೇಶನ್ ದಾಟಿದರೆ ದಾದರ್. 1974ರಿಂದ ಅಲ್ಲಿನ ಛಬಿಲ್‌ದಾಸ್ ಶಾಲೆಯ ಹಾಲ್‌ನಲ್ಲಿ 'ಆವಿಷ್ಕಾರ' ತಂಡ ಪ್ರಾಯೋಗಿಕ ನಾಟಕಗಳನ್ನು ನಡೆಸಿತು. ಸಣ್ಣ ಹಾಲ್, ಸ್ವಲ್ಪವೇ ಪ್ರೇಕ್ಷಕರು. ಆದರೂ ಇವತ್ತಿಗೂ 'ಛಬಿಲ್‌ದಾಸ್ ಚಳುವಳಿ' ಎಂದು ಮಾತಾಡುತ್ತಾರೆ. ಮರಾಠಿಯಲ್ಲಿ ಮಾಧವ ಮನೋಹರ್, ಕಮಲಾಕರ ನಾಡಕರ್ಣಿಯಂಥವರು ದಶಕಗಟ್ಟಲೆ ನಾಟಕ ನೋಡಿ, ಖಾರವಾಗಿಯೇ ಬರೆದರು. ಹೊಗಳಿದ್ದಕ್ಕೂ ಬೆಲೆ ಬಂದದ್ದು ಆ ಖಾರದಿಂದಲೇ.

ಹಾಗಾದರೆ ಹೇಗೆ ಬರೆಯಬೇಕು? ಇದಕ್ಕೆ ಭರತನ ನಾಟ್ಯಶಾಸ್ತ್ರದಲ್ಲೇ ಒಂದು ಅಧ್ಯಾಯವಿದೆ, ಇಪ್ಪತ್ತೇಳನೆಯದು. ಹವ್ಯಾಸಿಗಳ ಗುರುವಿನಂತಿದ್ದ ಶ್ರೀರಂಗರು ಈ ಗ್ರಂಥವನ್ನು ಕನ್ನಡಕ್ಕೆ ತಂದಿದ್ದಾರೆ. ಪ್ರೇಕ್ಷಕರ ನಗು, ಉದ್ಗಾರಗಳಲ್ಲಿ ಕಾಣುವ ಗೆಲುವು ಮಾನುಷೀ ಸಿದ್ಧಿ. ತುಂಬಿದ ಸಭೆ ಗದ್ದಲವಿಲ್ಲದೆ ಕೂತರೆ ಅದು ದೈವೀ ಸಿದ್ಧಿ. ತೀರ್ಪು ಹೇಳುವ 'ಪ್ರಾಶ್ನಿಕ'ರಲ್ಲಿ ವೈಯಾಕರಣಿ, ಚಿತ್ರಕಾರ, ಬಿಲ್ಲುಗಾರ, ಸಂಗೀತಗಾರ, ವೇಶ್ಯೆ ಎಲ್ಲರೂ ಇದ್ದಾರೆ. ತಂತಮ್ಮ ವಿಷಯದಲ್ಲಷ್ಟೇ ಅವರ ಮಾತು. ಗುಣದೋಷ ಗುರುತಿಡಲು ಲೆಕ್ಕಿಗರೂ ಬೇಕಂತೆ! ಕೊನೆಗೆ ಭರತ ಹೇಳುವುದು ದೊಡ್ಡ ಮಾತು: ಪೂರ್ತಿ ಗುಣಹೀನವಾದದ್ದೂ ಇಲ್ಲ, ಪೂರ್ತಿ ದೋಷರಹಿತವಾದದ್ದೂ ಇಲ್ಲ, ಆದ್ದರಿಂದ ದೋಷವನ್ನು ಅತಿ ಮಾಡಬೇಡಿ.

ಇದನ್ನೇ ನಮ್ಮ ಕಾಲಕ್ಕೆ ಹೇಳುವುದಾದರೆ: ಪೂರ್ತಿ ನೋಡದೆ ಬರೆಯಬೇಡಿ. ದಿನಾಂಕ, ಜಾಗ, ನಾಟಕಕಾರನ ಹೆಸರು ಬಿಡಬೇಡಿ; ಬೆಳಕು, ಪ್ರಸಾಧನ ಮಾಡಿದವರದ್ದೂ ಇರಲಿ. ನಟ ನಿಮ್ಮ ಭಾವಮೈದುನನಾಗಿದ್ದರೆ ಮೊದಲೇ ಹೇಳಿಬಿಡಿ. ಮೈಕ್ ಕೈಕೊಟ್ಟದ್ದಕ್ಕೆ ನಟನನ್ನು ಬಯ್ಯಬೇಡಿ. ಮಾತು ಕಲಿಯದೆ ಬಂದದ್ದಕ್ಕೆ ಬಿಡಲೂಬೇಡಿ. ಟೀಕೆ ಕೆಲಸದ ಮೇಲಿರಲಿ, ಮೈಮುಖದ ಮೇಲೆ ಬೇಡ.

ತಂಡದವರಿಗೂ ಒಂದು ಮರ್ಯಾದೆ ಇದೆ. ತಮ್ಮ ವಿಮರ್ಶೆ ತಾವೇ ಬರೆದು ಕಳಿಸಬಾರದು. ಕಟುವಾಗಿ ಬರೆದವನನ್ನು ಮುಂದಿನ ನಾಟಕಕ್ಕೂ ಕರೆಯಬೇಕು.

ನಮ್ಮ ಮಕ್ಕಳಲ್ಲಿ ಎಷ್ಟು ಜನ ಕನ್ನಡ ಓದುತ್ತಾರೆ ಎಂದು ನಿಮಗೇ ಗೊತ್ತು. ಮುಂದೊಂದು ದಿನ ಅವರಲ್ಲಿ ಯಾರಾದರೂ ಅಪ್ಪ-ಅಮ್ಮ ಈ ಊರಲ್ಲಿ ಏನು ಆಡಿದರು ಎಂದು ಹುಡುಕಿದರೆ, ಅವರ ಕೈಗೆ ಶಾಲು-ಹಾರದ ಪಟ್ಟಿ ಮಾತ್ರ ಸಿಗಬಾರದು. ಮುಂದಿನ ಸಲ ಮಾಟುಂಗಾಕ್ಕೋ ಮುಲುಂಡಿಗೋ ನಾಟಕಕ್ಕೆ ಹೋದಾಗ ಚಪ್ಪಾಳೆ ತಟ್ಟಿ ಎದ್ದುಬರಬೇಡಿ. ಒಂದು ಪುಟ ಬರೆಯಿರಿ. ನಿಜ ಬರೆಯಿರಿ.