ಅಂಗಡಿ ಎಂಬ ಲೆಕ್ಕದ ಶಾಲೆ

ಊರು ಬಿಟ್ಟು ಪರಸ್ಥಳಗಳಿಗೆ ಬಂದ ಕನ್ನಡಿಗರಲ್ಲಿ ಅನೇಕರು ಸ್ವಂತ ಉದ್ಯಮವನ್ನು ಕಟ್ಟಿದವರು. ಹೋಟೆಲು, ದಿನಸಿ ಅಂಗಡಿ, ಮುದ್ರಣಾಲಯ ಎಂದು ಅವರು ಕೈಯಿಟ್ಟ ಕಸುಬುಗಳು ಹಲವು. ಅವರ ದುಡಿಮೆ, ಸಾಹಸ, ಕೈರುಚಿಗಳನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಕೊಂಡಾಡುತ್ತೇವೆ, ಅದು ಯೋಗ್ಯವೇ. ಆದರೆ ಕಟ್ಟಿದ್ದನ್ನು ಉಳಿಸಿದ ಇನ್ನೊಂದು ವಿದ್ಯೆಯ ಮಾತು ಬರುವುದು ಅಪರೂಪ. ಅದೇ ಲೆಕ್ಕ ಬರೆಯುವ ವಿದ್ಯೆ. ಹೆಚ್ಚಿನವರು ಇದನ್ನು ಕಾಲೇಜಿನಲ್ಲಿ ಕಲಿತವರಲ್ಲ. ಹಿರಿಯರ ಮಗ್ಗುಲಲ್ಲಿ ಗಲ್ಲೆಯ ಮುಂದೆ ಕುಳಿತು ಕಲಿತವರು. ಹೀಗೆ ಮನೆಯ ವ್ಯಾಪಾರದಲ್ಲೇ ಲೆಕ್ಕ ಕಲಿಯುವ ಪದ್ಧತಿಗೆ ಬಹಳ ಹಿಂದಿನ ಚರಿತ್ರೆಯಿದೆ.

ಗಣಿತ ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕವಿದೆ, ಪಾಲುದಾರಿಕೆಯ ಲೆಕ್ಕವಿದೆ, ಚಿನ್ನದ ಬೆರಕೆಯ ಲೆಕ್ಕವಿದೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಆದರೆ ಲೆಕ್ಕ ಮಾಡುವುದು ಬೇರೆ, ಲೆಕ್ಕ ಬರೆದಿಡುವುದು ಬೇರೆ. ಮೊದಲನೆಯದು ‘ಎಷ್ಟು’ ಎಂಬುದಕ್ಕೆ ಉತ್ತರ ಕೊಡುತ್ತದೆ. ಎರಡನೆಯದು ಯಾರಿಗೆ, ಎಂದು, ಯಾತಕ್ಕಾಗಿ ಎಂಬುದಕ್ಕೂ ಉತ್ತರ ಕೊಡಬೇಕು. ಗ್ರಂಥದಿಂದ ಗಣಿತ ಬರಬಹುದು. ಬರೆದಿಡುವ ಶಿಸ್ತು ನಿತ್ಯದ ರೂಢಿಯಿಂದಲೇ ಬರಬೇಕು.

ಆ ರೂಢಿಯ ಸಾಧನವೊಂದು ನಮ್ಮಲ್ಲಿತ್ತು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಲಿನ ಕಪ್ಪನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಇದೇ ಕಡತ. ವರ್ತಕರೂ ಶಾನುಭೋಗರೂ ಮಠಗಳೂ ಇದನ್ನು ಬಳಸಿದ್ದುಂಟು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ಅಳಿಸಿ ಮತ್ತೆ ಬರೆಯಬಹುದಾದ ಈ ಬಟ್ಟೆಯ ಪುಸ್ತಕ ಮರೆಯಾಯಿತು. ಹೆಸರು ಮಾತ್ರ ಸರಕಾರಿ ಕಚೇರಿಗಳ ಫೈಲಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ.

ವರ್ತಕರ ಮನೆಯ ಮಗನೊಬ್ಬ ಹೇಗೆ ಕಲಿಯುತ್ತಿದ್ದನೆಂಬುದಕ್ಕೆ ಉತ್ತರ ಭಾರತದಲ್ಲಿ ಒಂದು ಸೊಗಸಾದ ಸಾಕ್ಷ್ಯವಿದೆ. 1586ರಲ್ಲಿ ಜೌನ್‌ಪುರದಲ್ಲಿ ಹುಟ್ಟಿದ ಜೈನ ವರ್ತಕ ಬನಾರಸೀದಾಸನು 1641ರಲ್ಲಿ ‘ಅರ್ಧಕಥಾನಕ’ ಎಂಬ ಆತ್ಮಕಥೆಯನ್ನು ಪದ್ಯದಲ್ಲಿ ಬರೆದನು. ಅವನ ತಂದೆ ಖರಗಸೇನನು ಎಳೆಯ ವಯಸ್ಸಿನಲ್ಲಿಯೇ ನಾಣ್ಯ ಪರೀಕ್ಷೆಯನ್ನೂ ಕೊಡುಕೊಳ್ಳುವಿಕೆಯ ಬರಹವನ್ನೂ ಕಲಿತು ಪೇಟೆಯಲ್ಲಿ ಕುಳಿತವನು. ಮಗನಿಗಾದರೋ ಕಾವ್ಯದ ಹುಚ್ಚು. ಹೆಚ್ಚಿನ ಓದು ಬ್ರಾಹ್ಮಣರಿಗೂ ಭಟ್ಟಂಗಿಗಳಿಗೂ ಸರಿ, ವರ್ತಕನ ಮಗ ಅಂಗಡಿಯಲ್ಲಿ ಕೂರಬೇಕೆಂದು ಹಿರಿಯರು ಗದರಿಸಿದರು. ಕೊನೆಗೆ ತಂದೆ ಒಡವೆ, ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಒಪ್ಪಿಸಿ, ಸರಕಿನ ಪಟ್ಟಿಯನ್ನು ಬರೆದುಕೊಟ್ಟು, ಇನ್ನು ಮನೆಯ ಭಾರ ನಿನ್ನದು ಎಂದು ಆಗ್ರಾಕ್ಕೆ ಕಳುಹಿಸಿದನು. ಅನುಭವವಿಲ್ಲದ ಮಗ ಬಹುಪಾಲನ್ನು ಕಳೆದುಕೊಂಡನು. ಕೈ ಬರಿದಾದಾಗ ಕಚೋರಿ ಮಾರುವವನೊಬ್ಬನು ಅವನಿಗೆ ತಿಂಗಳುಗಟ್ಟಲೆ ಉದ್ರಿ ಕೊಟ್ಟನು. ಕೈಗೆ ಹಣ ಬಂದೊಡನೆ ಬನಾರಸೀದಾಸನು ಲೆಕ್ಕ ನೋಡಿಸಿ 14 ರೂಪಾಯಿ ತೀರಿಸಿದನು. ಹೋಟೆಲು ನಡೆಸಿದವರಿಗೆ ಈ ಪ್ರಸಂಗದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಒಂದು ಶತಮಾನಕ್ಕೂ ಹಿಂದೆ, ಕಡಲಾಚೆಯ ವೆನಿಸ್ ನಗರದಲ್ಲಿ ವರ್ತಕರ ಮನೆವಿದ್ಯೆ ಅಚ್ಚಿನ ಪುಸ್ತಕಕ್ಕೆ ಏರಿತ್ತು. ಲೂಕಾ ಪಾಚಿಯೋಲಿ ಎಂಬವನು ತರುಣನಾಗಿದ್ದಾಗ ರೊಂಪಿಯಾಸಿ ಎಂಬ ವರ್ತಕನ ಮೂವರು ಮಕ್ಕಳಿಗೆ ಪಾಠ ಹೇಳುತ್ತ ಅಲ್ಲಿಯ ವ್ಯವಹಾರವನ್ನು ಹತ್ತಿರದಿಂದ ಕಂಡವನು. ಮುಂದೆ ಸನ್ಯಾಸಿಯಾಗಿ, 1494ರಲ್ಲಿ ಪ್ರಕಟಿಸಿದ ಗಣಿತದ ಹೆಬ್ಬೊತ್ತಗೆಯಲ್ಲಿ ವೆನಿಸ್ಸಿನ ಲೆಕ್ಕಪದ್ಧತಿಗೆ ಒಂದು ಭಾಗವನ್ನು ಮೀಸಲಿಟ್ಟನು. ಪದ್ಧತಿ ಅವನು ಹುಟ್ಟಿಸಿದ್ದಲ್ಲ. ಇಟಲಿಯ ವರ್ತಕರು ಅದಕ್ಕೆ ಸುಮಾರು 200 ವರ್ಷ ಮುಂಚೆಯೇ ಬಳಸುತ್ತಿದ್ದರು. ಒಂದೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕೆಂಬುದು ಅದರ ತಿರುಳು. ಉದ್ರಿಯಾಗಿ ಹಾಲು ಕೊಂಡರೆ ಹಾಲಿನ ಖಾತೆಗೆ ಖರ್ಚು, ಹಾಲಿನವನ ಖಾತೆಗೆ ಜಮೆ. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಎಲ್ಲಿಯೋ ತಪ್ಪಿದೆ ಎಂದು ಪುಸ್ತಕವೇ ಹೇಳುತ್ತದೆ.

ಪಾಚಿಯೋಲಿ ಮೂರು ಪುಸ್ತಕಗಳನ್ನು ಹೇಳುತ್ತಾನೆ: ನಡೆದದ್ದನ್ನು ನಡೆದಂತೆ ಗೀಚುವ ಕಚ್ಚಾ ಪುಸ್ತಕ, ತಾರೀಕಿನ ಕ್ರಮದಲ್ಲಿ ಬರೆಯುವ ಕಿರ್ದಿ, ಖಾತೆವಾರು ವಿಂಗಡಿಸುವ ಖತಾವಣಿ. ನಮ್ಮ ವರ್ತಕರು ‘ಶ್ರೀ’ಕಾರ ಬರೆದು ಪುಸ್ತಕ ತೆರೆಯುವಂತೆ ಅಲ್ಲಿಯೂ ಶಿಲುಬೆಯ ಗುರುತು ಹಾಕಿ ದೇವರ ಹೆಸರಿನಲ್ಲಿ ಆರಂಭಿಸುತ್ತಿದ್ದರು. ಕಚ್ಚಾ ಪುಸ್ತಕದಲ್ಲಿ ಯಜಮಾನನಷ್ಟೇ ಅಲ್ಲ, ಅವನಿಲ್ಲದಾಗ ಕೆಲಸದವರೂ, ಬರಹ ಬಲ್ಲ ಮನೆಯ ಹೆಂಗಸರೂ ಬರೆಯಬಹುದೆಂದು ಅವನು ಹೇಳಿದ್ದಾನೆ. ಮನೆಖರ್ಚಿಗೆ ಪ್ರತ್ಯೇಕ ಖಾತೆ ಇಡಬೇಕೆಂದೂ ಹೇಳಿದ್ದಾನೆ. ಎಲ್ಲರೂ ಬರೆಯುವುದು, ಮನೆ ಮತ್ತು ಅಂಗಡಿಗಳನ್ನು ಬೆರೆಸದಿರುವುದು, ಈ ಎರಡು ಸೂತ್ರಗಳು ಇಂದಿಗೂ ಹಳತಾಗಿಲ್ಲ.

ಇನ್ನು ನಮ್ಮ ಮುಂಬಯಿಗೆ ಬರೋಣ. 1913ರಲ್ಲಿ ಇಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಯಿತು. ಆದರೆ ಕರಾವಳಿಯಿಂದ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದ ಹುಡುಗನಿಗೆ ಅದರ ಬಾಗಿಲು ದೂರ. ಅವನಿಗೆ ದೊರೆತದ್ದು ಕನ್ನಡಿಗರು ನಡೆಸಿದ ಉಚಿತ ರಾತ್ರಿಶಾಲೆ, ಮತ್ತು ಹಗಲೆಲ್ಲ ತೆರೆದಿದ್ದ ಗಲ್ಲೆ. ಅಂದಿನ ಲೆಕ್ಕ ಸುಲಭವೂ ಆಗಿರಲಿಲ್ಲ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. 3 ಆಣೆ 9 ಪೈಗೆ 5 ಆಣೆ 6 ಪೈ ಸೇರಿದರೆ 9 ಆಣೆ 3 ಪೈ ಎಂದು ಗಿರಾಕಿ ನಿಂತಿರುವಾಗಲೇ ಬಾಯಲ್ಲಿ ಹೇಳಬೇಕಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೆ ಈ ಕಷ್ಟ ನೀಗಿತು. ವರ್ಷದ ಲೆಕ್ಕವೂ ಬದಲಾಯಿತು. ದೀಪಾವಳಿಯಿಂದ ದೀಪಾವಳಿಗೆ ಪುಸ್ತಕ ಇಡುತ್ತಿದ್ದ ವರ್ತಕರೂ, 1989ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಆದಾಯ ತೆರಿಗೆಗೆ ಮಾರ್ಚ್ 31ಕ್ಕೇ ಲೆಕ್ಕ ಮುಗಿಸಬೇಕಾಯಿತು. ಪೂಜೆ ದೀಪಾವಳಿಯಲ್ಲಿ ಉಳಿಯಿತು, ಅಢಾವೆ ಮಾರ್ಚಿಗೆ ಹೋಯಿತು.

ಗಲ್ಲೆಯ ಪಾಠದ ಕ್ರಮ ಸರಳ. ಬೆಳಗಿನ ಶಿಲ್ಕು ಬರೆ, ಬಂದದ್ದನ್ನು ಕೂಡಿಸು, ಹಾಲು, ತರಕಾರಿ, ತೆಂಗಿನಕಾಯಿಗೆ ಕೊಟ್ಟದ್ದನ್ನು ಕಳೆ, ರಾತ್ರಿ ಪೆಟ್ಟಿಗೆಯಲ್ಲಿರುವ ಹಣ ಪುಸ್ತಕದ ಶಿಲ್ಕಿಗೆ ಸರಿಹೊಂದುವುದೇ ನೋಡು. ಹೊಂದದಿದ್ದರೆ ಹುಡುಕು. ಇಂದಿನದನ್ನು ನಾಳೆ ಬರೆಯುತ್ತೇನೆ ಎನ್ನುವುದೇ ಲೆಕ್ಕದ ಮೊದಲ ಶತ್ರು.

ಆದರೆ ಈ ಶಾಲೆಗೆ ಒಂದು ದೊಡ್ಡ ಕೊರತೆಯಿತ್ತು. ಕೊತ್ತಂಬರಿ ಸೊಪ್ಪಿನ ಲೆಕ್ಕ ಬರೆದವರು ಕೂಡ ಮನೆಯವರ ದುಡಿಮೆಯ ಲೆಕ್ಕ ಬರೆಯಲಿಲ್ಲ. ಊರಿನಿಂದ ಕರೆತಂದ ಸೋದರಳಿಯ, ನಸುಕಿನಲ್ಲಿ ಎದ್ದು ರುಬ್ಬಿದ ಮನೆಯಾಕೆ, ಗಲ್ಲೆ ಕಾದ ತಮ್ಮ, ಇವರೆಲ್ಲ ‘ನಮ್ಮವರೇ ತಾನೆ’ ಎಂಬ ಮಾತಿನಲ್ಲಿ ಪುಸ್ತಕದಿಂದ ಹೊರಗುಳಿದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಯಜಮಾನರು ಬದುಕಿರುವ ತನಕ ಇದು ನಡೆಯುತ್ತದೆ. ಅವರು ಕಣ್ಣು ಮುಚ್ಚಿದ ಮೇಲೆ ಯಾರ ಬೆವರು ಎಷ್ಟು ಎಂಬುದಕ್ಕೆ ಆಧಾರವಿರುವುದಿಲ್ಲ. ಆಗ ಅಣ್ಣತಮ್ಮಂದಿರು ವಕೀಲರ ಮನೆ ಹುಡುಕುತ್ತಾರೆ. ಒಂದೇ ತಟ್ಟೆಯಲ್ಲಿ ಉಂಡವರ ನಡುವೆ ಮಾತು ನಿಲ್ಲುವುದು ಬಹಳ ಸಲ ದುರಾಸೆಯಿಂದಲ್ಲ, ಬರೆಯದೆ ಬಿಟ್ಟ ಪುಟಗಳಿಂದ. ನಮ್ಮವರೊಡನೆ ಲೆಕ್ಕವೇಕೆ ಎಂಬ ಸಂಕೋಚವೇ ನಮ್ಮವರನ್ನು ದೂರ ಮಾಡುತ್ತದೆ.

ಇಂದು ಕಂಪ್ಯೂಟರು ಕೂಡುತ್ತದೆ, ಕಳೆಯುತ್ತದೆ, ತೆರಿಗೆಯ ಪಟ್ಟಿಯನ್ನೂ ಮಾಡಿಕೊಡುತ್ತದೆ. ಆದರೆ ಯಾವುದನ್ನು ಬರೆಯಬೇಕು ಎಂಬುದನ್ನು ಮನುಷ್ಯರೇ ನಿಶ್ಚಯಿಸಬೇಕು. ಮನೆಯ ಉದ್ಯಮವಿರುವವರು ರಜಾದಿನಗಳಲ್ಲಾದರೂ ಮಗನನ್ನೂ ಮಗಳನ್ನೂ ದಿನದ ಲೆಕ್ಕಕ್ಕೆ ಕೂರಿಸಿಕೊಳ್ಳಲಿ. ಮೊದಲ ಪಾಠವಾಗಿ ಆ ದಿನ ಅಂಗಡಿಯಲ್ಲಿ ಯಾರು ಯಾರು ದುಡಿದರು ಎಂಬ ಪಟ್ಟಿಯನ್ನು ಬರೆಸಲಿ. ಅದರಲ್ಲಿ ತಾಯಿಯ ಹೆಸರೂ ಇರಲಿ.