ಬಳ್ಳಾರಿ ರಾಘವ: ದ್ವಿಭಾಷಾ ನೆಲದ ಒಂದು ರಂಗಚರಿತ್ರೆ

ತೆಲುಗು ರಂಗಭೂಮಿಯ ಇತಿಹಾಸದಲ್ಲಿ ತಾಡಿಪತ್ರಿ ರಾಘವಾಚಾರ್ಯರು ಮೊದಲ ಸಾಲಿನ ನಟರು. ಕರ್ನಾಟಕದ ಇಂದಿನ ಓದುಗರಿಗೆ ಅವರು ಹೆಚ್ಚಾಗಿ ಪರಿಚಿತರಾಗಿರುವುದು ಬಳ್ಳಾರಿಯ ರಾಘವ ಕಲಾಮಂದಿರದ ಹೆಸರಿನ ಮೂಲಕ. ಒಂದು ಭಾಷೆಯಲ್ಲಿ ನಟರಾಗಿಯೂ ಇನ್ನೊಂದು ಭಾಷೆಯಲ್ಲಿ ಕಟ್ಟಡದ ಹೆಸರಾಗಿಯೂ ಉಳಿದಿರುವ ಈ ಸ್ಥಿತಿ ಅವರ ಬದುಕಿನ ಫಲವಲ್ಲ. ಅವರು ತೀರಿಕೊಂಡ ಏಳು ವರ್ಷಗಳ ಅನಂತರ ನಡೆದ ಗಡಿನಿರ್ಣಯದ ಫಲ. ರಾಘವರ ವೃತ್ತಿಜೀವನವನ್ನು ಅದು ನಡೆದ ನೆಲದ ಭಾಷಾಸ್ಥಿತಿಯೊಂದಿಗೆ ಇಟ್ಟು ನೋಡಿದರೆ, ಭಾಷಾವಾರು ರಂಗಚರಿತ್ರೆಗಳ ಚೌಕಟ್ಟಿಗೆ ಸಿಗದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಜಿಲ್ಲೆಯೊಂದರ ಎರಡು ವಿಭಜನೆಗಳು

1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ‘ದತ್ತ ಮಂಡಲ’ವೆಂದು ಹೆಸರಾಯಿತು. ಬಳ್ಳಾರಿ ಜಿಲ್ಲೆ ಅದರ ಒಂದು ಭಾಗ. ಪಶ್ಚಿಮದ ತಾಲೂಕುಗಳಲ್ಲಿ ಕನ್ನಡ, ಪೂರ್ವದ ತಾಲೂಕುಗಳಲ್ಲಿ ತೆಲುಗು ಪ್ರಧಾನವಾಗಿದ್ದು, ನಡುವಿನ ಆದೋನಿ, ಆಲೂರು, ರಾಯದುರ್ಗ ಹಾಗೂ ಬಳ್ಳಾರಿ ತಾಲೂಕುಗಳಲ್ಲಿ ಎರಡೂ ಭಾಷೆಗಳು ಮನೆಯೊಳಗೂ ಪೇಟೆಯಲ್ಲಿಯೂ ಬೆರೆತಿದ್ದವು. 1882ರಲ್ಲಿ ಈ ಜಿಲ್ಲೆಯಿಂದ ಅನಂತಪುರ ಜಿಲ್ಲೆಯನ್ನು ಬೇರ್ಪಡಿಸಲಾಯಿತು. ತಾಡಿಪತ್ರಿ, ಮಡಕಶಿರಾ ಮೊದಲಾದವು ಹೊಸ ಜಿಲ್ಲೆಗೆ ಸೇರಿದವು. 1953ರ ಅಕ್ಟೋಬರ್ 1ರಂದು ಎರಡನೆಯ ವಿಭಜನೆಯಾಯಿತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರ ರಾಜ್ಯಕ್ಕೂ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಸೇರಿದವು.

ರಾಘವರು ಜನಿಸಿದ್ದು 1880ರ ಆಗಸ್ಟ್ 2ರಂದು, ತಾಡಿಪತ್ರಿಯಲ್ಲಿ. ಅಂದರೆ ಆ ದಿನ ಅವರ ಹುಟ್ಟೂರು ಬಳ್ಳಾರಿ ಜಿಲ್ಲೆಯ ಊರೇ ಆಗಿತ್ತು. ಅವರು ತೀರಿಕೊಂಡದ್ದು 1946ರ ಏಪ್ರಿಲ್ 16ರಂದು. ‘ಆಂಧ್ರದಲ್ಲಿ ಹುಟ್ಟಿ ಕರ್ನಾಟಕದಲ್ಲಿ ನೆಲೆಸಿದವರು’ ಎಂಬ ರೂಢಿಯ ಪರಿಚಯವಾಕ್ಯ ಈ ಎರಡು ದಿನಾಂಕಗಳ ಮುಂದೆ ನಿಲ್ಲುವುದಿಲ್ಲ. ಅವರು ಹುಟ್ಟಿದಾಗಲೂ ತೀರಿಕೊಂಡಾಗಲೂ ಆ ಎರಡು ರಾಜ್ಯಗಳು ಇರಲಿಲ್ಲ. ಇದ್ದದ್ದು ಮದರಾಸು ಪ್ರಾಂತ.

ವಕೀಲರ ಸಭೆಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿ ಒಂದು ದೊಡ್ಡ ದಂಡಿನ ಊರು, ಜಿಲ್ಲಾ ನ್ಯಾಯಾಲಯದ ಊರು. ಅಲ್ಲಿನ ನಾಟಕಚಟುವಟಿಕೆಯ ಬೆನ್ನೆಲುಬಾಗಿದ್ದವರು ವಕೀಲರು. ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸವಿನೋದಿನೀ ಸಭೆಯನ್ನು ಕಟ್ಟಿ, ‘ಚಿತ್ರನಳೀಯಮು’, ‘ವಿಷಾದ ಸಾರಂಗಧರ’ ಮೊದಲಾದ ನಾಟಕಗಳನ್ನು ಬರೆದು ಆಡಿಸಿದರು. ಎರಡನೆಯದನ್ನು ತೆಲುಗಿನ ಮೊದಲ ದುರಂತ ನಾಟಕವೆಂದು ಎಣಿಸುವುದುಂಟು. ಅವರಿಗೆ ಎದುರಾಳಿಯಾಗಿ ನಿಂತವರು ಸುಮನೋರಮಾ ಸಭೆಯ ಕೋಲಾಚಲಂ ಶ್ರೀನಿವಾಸರಾಯರು (1854–1919). ಒಬ್ಬರು ಪುರಾಣವಸ್ತುವನ್ನು ನೆಚ್ಚಿದರೆ ಇನ್ನೊಬ್ಬರು ಇತಿಹಾಸವನ್ನು ನೆಚ್ಚಿದರು. ಶ್ರೀನಿವಾಸರಾಯರು ನಾಟಕಕಾರರಷ್ಟೇ ಆಗಿರದೆ ಜಗತ್ತಿನ ರಂಗಭೂಮಿಯ ಇತಿಹಾಸವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದ ವಿದ್ವಾಂಸರೂ ಹೌದು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ ಸಭೆಗಳ ಪ್ರಸಿದ್ಧ ನಾಟಕಗಳ ಭಾಷೆ ತೆಲುಗು. ಆದರೆ ಅವುಗಳ ವಸ್ತು ಮತ್ತು ನೆಲ ಅಷ್ಟು ಸುಲಭವಾಗಿ ಭಾಷೆಯಿಂದ ಗುರುತಿಸಲಾಗದಂಥವು. ಶ್ರೀನಿವಾಸರಾಯರ ‘ರಾಮರಾಜು ಚರಿತ್ರ’ದ ವಸ್ತು 1565ರ ಯುದ್ಧ ಮತ್ತು ವಿಜಯನಗರದ ಪತನ. ಆ ರಾಜಧಾನಿಯ ಅವಶೇಷಗಳು ಅದೇ ಜಿಲ್ಲೆಯ ಹೊಸಪೇಟೆ ತಾಲೂಕಿನಲ್ಲಿದ್ದವು. ಬಳ್ಳಾರಿಯ ಪ್ರೇಕ್ಷಕರಿಗೆ ಅದು ದೂರದ ಚರಿತ್ರೆಯಾಗಿರಲಿಲ್ಲ. ಕನ್ನಡಿಗ ಪ್ರೇಕ್ಷಕನೂ ತೆಲುಗು ಪ್ರೇಕ್ಷಕನೂ ಅದನ್ನು ತನ್ನದೆಂದೇ ನೋಡಬಹುದಾಗಿತ್ತು. ಈ ನಾಟಕದಲ್ಲಿ ರಾಘವರಿಗೆ ಕೀರ್ತಿ ತಂದದ್ದು ಪಠಾಣ್ ರುಸ್ತುಮನ ಪಾತ್ರ. ವಿಜಯನಗರದ ವೈಭವವನ್ನು ನೆನೆಯುವ ನಾಟಕದಲ್ಲಿ ಎದುರುಪಕ್ಷದ ಪಾತ್ರವೊಂದು ನಟನ ಬಲದಿಂದ ಮುನ್ನೆಲೆಗೆ ಬಂದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಬಳ್ಳಾರಿಯಲ್ಲಿ ಶಾಲಾಶಿಕ್ಷಣ ಮುಗಿಸಿ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ರಾಘವರು 1905ರಲ್ಲಿ ಕಾನೂನು ಪದವಿ ಪಡೆದು ವಕೀಲಿ ಆರಂಭಿಸಿದರು. ಮುಂದೆ ಸರ್ಕಾರಿ ವಕೀಲರೂ ಆದರು. ಊರಿನಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಕಟ್ಟಿ ಆ ಕವಿಯ ನಾಟಕಗಳನ್ನು ಆಡಿದರು. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನೊಂದಿಗೂ ಅವರಿಗೆ ನಂಟು ಬೆಳೆಯಿತು. ಅವರ ಮುಖ್ಯ ರಂಗಭಾಷೆ ತೆಲುಗಾದರೂ ಕನ್ನಡ, ಇಂಗ್ಲಿಷ್, ಹಿಂದಿಗಳಲ್ಲಿಯೂ ಅವರು ಅಭಿನಯಿಸಿದರು. ಹೊಟ್ಟೆಪಾಡು ನ್ಯಾಯಾಲಯದಿಂದ ಸಾಗುತ್ತಿದ್ದುದರಿಂದ ರಂಗದ ಮೇಲೆ ಟಿಕೆಟ್ಟಿನ ಆದಾಯವನ್ನು ನೆಚ್ಚಬೇಕಾದ ಒತ್ತಡ ಅವರಿಗಿರಲಿಲ್ಲ. ಅದೇ ಕಾಲದ ಗುಬ್ಬಿ ಕಂಪನಿಯಂಥ ವೃತ್ತಿ ಮಂಡಳಿಗಳಿಗೂ ಈ ಹವ್ಯಾಸಿ ಸಭೆಗಳಿಗೂ ಇರುವ ಮೂಲಭೂತ ವ್ಯತ್ಯಾಸ ಇದೇ. ರಾಘವರು ಮಾಡಿದ ಪ್ರಯೋಗಗಳಿಗೆ ಬೇಕಾದ ಸ್ವಾತಂತ್ರ್ಯ ದೊರೆತದ್ದೂ ಇಲ್ಲಿಂದಲೇ.

ಪದ್ಯದಿಂದ ಮಾತಿಗೆ

ಆ ಕಾಲದ ತೆಲುಗು ನಾಟಕದಲ್ಲಿ ಪದ್ಯವೇ ನಟನ ಬಂಡವಾಳ. ರಾಗವನ್ನು ಎಳೆದೆಳೆದು ಹಾಡುವುದು, ‘ಒನ್ಸ್‌ಮೋರ್’ ಬಂದಾಗ ಸತ್ತ ಪಾತ್ರವೂ ಎದ್ದು ಮತ್ತೆ ಹಾಡುವುದು ಪ್ರೇಕ್ಷಕರು ಒಪ್ಪಿದ್ದ ಸಂಪ್ರದಾಯವಾಗಿತ್ತು. ಕನ್ನಡ ವೃತ್ತಿರಂಗಭೂಮಿಯ ರಂಗಗೀತೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ರಾಘವರು ದೀರ್ಘ ರಾಗಾಲಾಪವನ್ನು ವಿರೋಧಿಸಿ, ಮುಖಭಾವ, ಮೌನ, ಮಾತಿನ ಏರಿಳಿತ ಮತ್ತು ಪಾತ್ರದ ಮನಸ್ಥಿತಿಗಳಿಗೆ ಒತ್ತು ಕೊಟ್ಟರು. ಪಿ. ವಿ. ರಾಜಮನ್ನಾರ್ ಅವರ ‘ತಪ್ಪೆವರಿದಿ’ಯಂಥ ಸಾಮಾಜಿಕ ಗದ್ಯನಾಟಕಗಳನ್ನು ಅವರು ಕೈಗೆತ್ತಿಕೊಂಡದ್ದು ಈ ನಿಲುವಿನ ಮುಂದುವರಿಕೆ. ಮುಂದೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಲೇಖಕ, ವಕೀಲ ನಟ: ಇಲ್ಲಿಯೂ ನ್ಯಾಯಾಲಯ ಮತ್ತು ರಂಗದ ನಂಟು ಕಾಣುತ್ತದೆ.

ಈ ಸಹಜಾಭಿನಯದ ಮೂಲವನ್ನು ಸಾಮಾನ್ಯವಾಗಿ ಇಂಗ್ಲಿಷ್ ಶಿಕ್ಷಣ ಮತ್ತು ಷೇಕ್ಸ್‌ಪಿಯರ್ ಅಭ್ಯಾಸದಲ್ಲಿ ಗುರುತಿಸಲಾಗುತ್ತದೆ. ಅದು ಸರಿಯಾದ ಕಾರಣವೇ. ಆದರೆ ಅಷ್ಟರಿಂದಲೇ ವಿವರಣೆ ಪೂರ್ಣವಾಗುವುದಿಲ್ಲ. ಅದೇ ಶಿಕ್ಷಣ ಪಡೆದವರು ಕರಾವಳಿ ಆಂಧ್ರದಲ್ಲಿಯೂ ಇದ್ದರು. ಅಲ್ಲಿ ಪದ್ಯನಾಟಕದ ಹಿಡಿತ ಬಹುಕಾಲ ಸಡಿಲಲಿಲ್ಲ. ಬಳ್ಳಾರಿಯ ಸಭಾಂಗಣದಲ್ಲಿ ಕುಳಿತಿದ್ದವರೆಲ್ಲರೂ ತೆಲುಗು ಛಂದಸ್ಸಿನ ಸೊಗಸನ್ನು ಒಂದೇ ಮಟ್ಟದಲ್ಲಿ ಸವಿಯಬಲ್ಲವರಾಗಿರಲಿಲ್ಲ. ಕನ್ನಡ ಮನೆಮಾತಿನ, ತೆಲುಗು ತಿಳಿಯಬಲ್ಲ ಪ್ರೇಕ್ಷಕನಿಗೆ ಉತ್ಪಲಮಾಲೆ, ಚಂಪಕಮಾಲೆಗಳ ಲಯ ಪರಿಚಿತವಾದರೂ ಸೀಸಪದ್ಯದ ಪದಚಮತ್ಕಾರ ಪೂರ್ತಿ ಒದಗುವಂಥದಲ್ಲ. ಮುಖ ಮತ್ತು ದೇಹದ ಭಾಷೆ ಇಬ್ಬರಿಗೂ ಸಮಾನ. ದ್ವಿಭಾಷಾ ಪ್ರೇಕ್ಷಕವರ್ಗವು ನಟನನ್ನು ಪದ್ಯದಿಂದ ಅಭಿನಯದ ಕಡೆಗೆ ಒತ್ತಿರಬಹುದೆಂಬ ಊಹೆಗೆ ಇಲ್ಲಿ ಅವಕಾಶವಿದೆ. ಇದನ್ನು ನಿರ್ಣಯವೆಂದಲ್ಲದೆ ಪರೀಕ್ಷಿಸಬೇಕಾದ ಪ್ರಮೇಯವೆಂದು ಸ್ವೀಕರಿಸುವುದು ಯುಕ್ತ.

ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂಬ ರಾಘವರ ನಿಲುವೂ ಸಹಜಾಭಿನಯದ ತರ್ಕದಿಂದಲೇ ಬಂದದ್ದು. ಮರಾಠಿಯಲ್ಲಿ ಬಾಲಗಂಧರ್ವ, ತೆಲುಗಿನಲ್ಲಿ ಸ್ಥಾನಂ ನರಸಿಂಹರಾವ್ ಸ್ತ್ರೀವೇಷದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಅವರು ವಿದ್ಯಾವಂತ ಕುಟುಂಬಗಳ ಮಹಿಳೆಯರನ್ನು ರಂಗಕ್ಕೆ ಕರೆತಂದರು. ಕೊಮ್ಮೂರಿ ಪದ್ಮಾವತೀದೇವಿ ಅವರೊಡನೆ ಪಾತ್ರವಹಿಸಿದವರಲ್ಲಿ ಪ್ರಮುಖರು.

ಮಹನೀಯರ ಮೆಚ್ಚುಗೆ

ರಾಘವರ ಜೀವನಕಥನದಲ್ಲಿ ಮೂರು ಭೇಟಿಗಳು ತಪ್ಪದೆ ಬರುತ್ತವೆ: 1919ರಲ್ಲಿ ಬೆಂಗಳೂರಿನಲ್ಲಿ ರವೀಂದ್ರನಾಥ ಠಾಗೂರ್, 1927ರಲ್ಲಿ ‘ದೀನಬಂಧು ಕಬೀರ್’ ಹಿಂದಿ ನಾಟಕದ ಸಂದರ್ಭದಲ್ಲಿ ಗಾಂಧೀಜಿ, ಅನಂತರ ಇಂಗ್ಲೆಂಡ್ ಪ್ರವಾಸದಲ್ಲಿ ಬರ್ನಾರ್ಡ್ ಷಾ. 1933ರಲ್ಲಿ ‘ರಾವ್ ಬಹದ್ದೂರ್’ ಬಿರುದು ಬಂತು. ಈ ಮೆಚ್ಚುಗೆಯ ಪ್ರಸಂಗಗಳು ಪ್ರಚಾರದಲ್ಲಿ ಎಷ್ಟು ಬೆಳೆದಿವೆಯೆಂದರೆ, ನಟನ ಕೆಲಸಕ್ಕಿಂತ ಮೆಚ್ಚಿದವರ ಹೆಸರೇ ಮುಂದಾಗಿದೆ. ಪ್ರಾದೇಶಿಕ ಕಲಾವಿದನೊಬ್ಬನ ಯೋಗ್ಯತೆಗೆ ಹೊರಗಿನ ಸಾಕ್ಷಿ ಬೇಕೆಂಬ ಮನೋಭಾವದ ಸೂಚನೆಯಾಗಿಯೂ ಇದನ್ನು ಓದಬಹುದು.

ತೆರೆಯ ಮೇಲೆ

ಚಲನಚಿತ್ರಕ್ಕೆ ರಾಘವರು ಬಂದದ್ದು ಐವತ್ತು ದಾಟಿದ ಮೇಲೆ. 1936ರ ‘ದ್ರೌಪದೀ ಮಾನಸಂರಕ್ಷಣಂ’ನಲ್ಲಿ ದುರ್ಯೋಧನನ ಪಾತ್ರ, ಅದೇ ಕಥೆಯ ಮತ್ತೊಂದು ಚಿತ್ರ ಅದೇ ವರ್ಷ ಬಂದು ಹೆಚ್ಚು ಯಶಸ್ವಿಯಾಯಿತು. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ‘ರೈತುಬಿಡ್ಡ’ದಲ್ಲಿ ಅವರು ರೈತ ನರ್ಸಿರೆಡ್ಡಿಯಾದರು, ಜಮೀನ್ದಾರಿ ದಬ್ಬಾಳಿಕೆಯನ್ನು ಪ್ರಶ್ನಿಸಿದ ಈ ಚಿತ್ರ ಜಮೀನ್ದಾರರ ತೀವ್ರ ವಿರೋಧವನ್ನು ಎದುರಿಸಿತು. ಬಳ್ಳಾರಿ ಸೀಮೆ ಮನ್ರೋ ಕಾಲದಿಂದ ರೈತವಾರಿ ಪದ್ಧತಿಯ ನೆಲ. ಜಮೀನ್ದಾರಿಯ ಬಿಸಿ ಹೆಚ್ಚಾಗಿ ತಟ್ಟಿದ್ದು ಕರಾವಳಿಗೆ. ತನ್ನ ಸೀಮೆಯದಲ್ಲದ ಈ ರೈತನ ಬವಣೆಗೆ ಮುಖವಾದದ್ದು ರಂಗದ ಮೇಲೆ ಅವರು ದುಡಿಸಿಕೊಂಡಿದ್ದ ಸಂಯಮದ ಅಭಿನಯ. 1940ರ ‘ಚಂಡಿಕ’ದ ಬಳಿಕವೂ ಅವರ ಮನಸ್ಸು ರಂಗದಲ್ಲಿಯೇ ಇತ್ತು.

ವಿಭಜನೆಯ ಅನಂತರ

ರಾಘವರು ದುಡಿದ ವರ್ಷಗಳಲ್ಲಿಯೇ ಅವರ ಸೀಮೆಯಲ್ಲಿ ಎರಡು ಭಾಷಾ ಚಳವಳಿಗಳು ಬಲಿತವು. 1926ರಲ್ಲಿ ಫ. ಗು. ಹಳಕಟ್ಟಿಯವರ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ಬಳ್ಳಾರಿಯಲ್ಲಿ ನಡೆದವು. ಈ ನಡುವೆ 1928ರಲ್ಲಿ ನಂದ್ಯಾಲದ ಸಭೆಯಲ್ಲಿ ದತ್ತ ಮಂಡಲಕ್ಕೆ ‘ರಾಯಲಸೀಮ’ ಎಂಬ ಹೆಸರು ಬಂತು. ಒಂದೇ ನೆಲ ಎರಡು ಭವಿಷ್ಯಗಳನ್ನು ಕಲ್ಪಿಸಿಕೊಳ್ಳುತ್ತಿದ್ದಾಗ ನಾಟಕದ ಸಭೆಗಳು ಎರಡೂ ಕಡೆಯವರನ್ನು ಒಂದೇ ಚಾವಣಿಯ ಕೆಳಗೆ ಕೂರಿಸುತ್ತಿದ್ದವು.

1953ರ ಗಡಿರೇಖೆ ಈ ಪರಂಪರೆಯನ್ನು ಎರಡು ಬಗೆಯಲ್ಲಿ ಸೀಳಿತು. ನಾಟಕ ಹುಟ್ಟಿದ ಊರು ಕರ್ನಾಟಕದಲ್ಲಿ ಉಳಿಯಿತು. ಅದರ ಪಠ್ಯ ಮತ್ತು ವಿಮರ್ಶೆ ತೆಲುಗು ಸಾಹಿತ್ಯಚರಿತ್ರೆಯ ಪಾಲಾಯಿತು. ಆದೋನಿ, ಆಲೂರು, ರಾಯದುರ್ಗಗಳ ಕನ್ನಡಿಗರಿಗೆ ಜಿಲ್ಲಾಕೇಂದ್ರವೂ ರಂಗಕೇಂದ್ರವೂ ಆಗಿದ್ದ ಬಳ್ಳಾರಿ ಇನ್ನೊಂದು ರಾಜ್ಯದ ಊರಾಯಿತು. ಬಳ್ಳಾರಿಯ ತೆಲುಗರು ಅದೇ ದಿನ ಭಾಷಾ ಅಲ್ಪಸಂಖ್ಯಾತರಾದರು. 1981ರಲ್ಲಿ ಭಾರತೀಯ ಅಂಚೆ ಇಲಾಖೆ ರಾಘವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಆಂಧ್ರದಲ್ಲಿ ಅವರ ಹೆಸರಿನ ಪುರಸ್ಕಾರಗಳಿವೆ, ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ.

ಗಡಿನಾಡಿನ ಅಧ್ಯಯನಗಳು ಬಹುಮಟ್ಟಿಗೆ ಕೇಳುವ ಪ್ರಶ್ನೆ ‘ಇವರು ಯಾವ ಭಾಷೆಯವರು’ ಎಂಬುದು. ರಾಘವರ ಸಂದರ್ಭದಲ್ಲಿ ಹೆಚ್ಚು ಫಲಕಾರಿಯಾದ ಪ್ರಶ್ನೆ ಬೇರೆ: ಒಂದು ಭಾಷೆಯ ನಾಟಕವನ್ನು ಇನ್ನೊಂದು ಭಾಷೆಯ ನೆರೆಯವರು ನೋಡಿ ಬೆಳೆಸಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ತೆಲುಗಿನ ನಾಟಕಪಠ್ಯ, ಬಳ್ಳಾರಿಯ ಸಭೆಗಳ ನೆನಪು, ಬೆಂಗಳೂರಿನ ಹವ್ಯಾಸಿ ರಂಗದ ಚರಿತ್ರೆಗಳನ್ನು ಜೊತೆಯಾಗಿ ಓದಬೇಕಾಗುತ್ತದೆ. ಎರಡೂ ಭಾಷೆ ಬಲ್ಲ ಗಡಿನಾಡಿನ ವಿದ್ವಾಂಸರಿಗೆ ಈ ಕೆಲಸ ಉಳಿದವರಿಗಿಂತ ಸುಲಭ; ಹೊಣೆಯೂ ಹೆಚ್ಚಾಗಿ ಅವರದೇ.